ಮಹಾನಗರದ ನೆಮ್ಮದಿಯ ಲೆಕ್ಕ: ದೂರ, ಸದ್ದು, ನೆರೆಹೊರೆ

1987ರಲ್ಲಿ ಅಹಮದಾಬಾದಿನ ಕೊಳೆಗೇರಿಗಳಲ್ಲಿ ವಾಸವಾಗಿದ್ದ ದುಡಿಯುವ ಮಹಿಳೆಯರಿಗೆ ರಿಯಾಯಿತಿ ದರದ ಮನೆಗಳನ್ನು ಲಾಟರಿ ಎತ್ತಿ ಹಂಚಲಾಯಿತು. ಮನೆಗಳು ನಗರದ ಅಂಚಿನಲ್ಲಿದ್ದವು, ಆದರೆ ಅವರು ಅದುವರೆಗೆ ಇದ್ದ ಮನೆಗಳಿಗಿಂತ ಚೆನ್ನಾಗಿದ್ದವು. ಹದಿನಾಲ್ಕು ವರ್ಷಗಳ ಬಳಿಕ ಅರ್ಥಶಾಸ್ತ್ರಜ್ಞರ ತಂಡವೊಂದು ಲಾಟರಿಯಲ್ಲಿ ಗೆದ್ದವರ ಮತ್ತು ಸೋತವರ ಸ್ಥಿತಿಯನ್ನು ಹೋಲಿಸಿ ನೋಡಿತು. ಗೆದ್ದವರಲ್ಲಿ ಶೇ 34ರಷ್ಟು ಮಂದಿ ಆ ಮನೆಗಳಿಗೆ ಹೋಗಿಯೇ ಇರಲಿಲ್ಲ. ಇನ್ನೂ ಶೇ 32ರಷ್ಟು ಮಂದಿ ಹೋಗಿ, ಕೆಲಕಾಲ ಇದ್ದು, ಬಿಟ್ಟು ಬಂದಿದ್ದರು. ಗೆದ್ದವರ ಕುಟುಂಬದ ಆದಾಯ ಸೋತವರದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಬಂಧುಬಳಗದಿಂದ ದೂರವಾದೆವು, ಕಷ್ಟಕ್ಕೆ ಕೈಸಾಲ ಕೊಡುವವರು, ಆಪತ್ತಿಗೆ ಒದಗುವವರು ಹತ್ತಿರದಲ್ಲಿಲ್ಲ ಎಂಬುದು ಅವರ ಉತ್ತರಗಳಿಂದ ಸ್ಪಷ್ಟವಾಗಿ ಹೊರಬಿದ್ದಿತು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಲಾಟರಿ ನಡೆದದ್ದು ಅಮೆರಿಕದಲ್ಲಿ. 1994ರಿಂದ 1998ರ ನಡುವೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ನಗರಗಳ ಸರ್ಕಾರಿ ವಸತಿಗಳಲ್ಲಿದ್ದ ಸುಮಾರು 4,600 ಬಡ ಕುಟುಂಬಗಳು ಅದರಲ್ಲಿ ಭಾಗವಹಿಸಿದವು. ಚೀಟಿ ಬಿದ್ದ ಕುಟುಂಬಗಳಿಗೆ ಬಡತನ ಕಡಿಮೆಯಿರುವ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿಯಲು ನೆರವು ಸಿಕ್ಕಿತು. ಹತ್ತರಿಂದ ಹದಿನೈದು ವರ್ಷಗಳ ನಂತರ ನೋಡಿದಾಗ ಇಲ್ಲಿಯೂ ದೊಡ್ಡವರ ಆದಾಯದಲ್ಲಾಗಲಿ ಉದ್ಯೋಗದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ತಮ್ಮ ಬದುಕು ಮೊದಲಿಗಿಂತ ಸುಖವಾಗಿದೆ ಎನ್ನುತ್ತಿದ್ದರು. ಸುತ್ತಲಿನ ಬಡತನದ ಪ್ರಮಾಣ ಶೇಕಡಾವಾರು ಲೆಕ್ಕದಲ್ಲಿ 13 ಅಂಶ ಇಳಿದರೆ, ವರ್ಷದ ಆದಾಯದಲ್ಲಿ 13,000 ಡಾಲರ್ ಅಂತರವಿರುವ ಇಬ್ಬರ ನಡುವೆ ಸಾಮಾನ್ಯವಾಗಿ ಎಷ್ಟು ಸಂತೋಷದ ಅಂತರವಿರುತ್ತದೆಯೋ ಅಷ್ಟೇ ನೆಮ್ಮದಿ ಹೆಚ್ಚುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು. ಈ ಕುಟುಂಬಗಳ ಸರಾಸರಿ ವಾರ್ಷಿಕ ಆದಾಯವೇ 20,000 ಡಾಲರ್ ಆಸುಪಾಸಿನಲ್ಲಿತ್ತು. ಇವರಲ್ಲಿ ಹೆಚ್ಚಿನವರು ಹಳೆಯ ಬಡಾವಣೆ ಬಿಡಲು ಕೊಟ್ಟ ಮುಖ್ಯ ಕಾರಣ ಕೆಲಸವೂ ಅಲ್ಲ, ಮನೆಯ ಅಂದಚೆಂದವೂ ಅಲ್ಲ. ಗ್ಯಾಂಗುಗಳಿಂದ ಮತ್ತು ಮಾದಕ ವಸ್ತುಗಳ ವ್ಯವಹಾರದಿಂದ ಪಾರಾಗಬೇಕು ಎಂಬುದು.

ಎರಡೂ ಕಡೆ ಬಡವರಿಗೆ ಮನೆ ಬದಲಿಸುವ ಅವಕಾಶ ದೊರೆಯಿತು, ಎರಡೂ ಕಡೆ ಆದಾಯ ಇದ್ದಲ್ಲೇ ಇತ್ತು. ಒಂದೆಡೆ ಜನ ಸಿಕ್ಕ ಮನೆಯನ್ನೇ ಬಿಟ್ಟು ಬಂದರು, ಇನ್ನೊಂದೆಡೆ ನೆಮ್ಮದಿ ಕಂಡರು. ಅಹಮದಾಬಾದಿನ ಅಧ್ಯಯನದ ಮುಖ್ಯ ಪ್ರಶ್ನೆ ಸಂತೋಷದ್ದಾಗಿರಲಿಲ್ಲ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ ಎಂಬುದು ನಿಜ. ಆದರೂ ಎರಡೂ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ. ಮಹಾನಗರದಲ್ಲಿ ಬದುಕುವವರ ನೆಮ್ಮದಿ ಹೆಚ್ಚಾಗಿ ನಿರ್ಧಾರವಾಗುವುದು ಹೊಸ್ತಿಲ ಆಚೆ: ಅಲ್ಲಿಂದ ಕೆಲಸದ ಜಾಗ ಎಷ್ಟು ದೂರ, ಬೀದಿಯಲ್ಲಿ ಎಷ್ಟು ಭಯ, ಕಿಟಕಿಯಿಂದ ಎಷ್ಟು ಸದ್ದು, ಕರೆದರೆ ಬರುವವರು ಯಾರು ಎಂಬ ಸಂಗತಿಗಳಲ್ಲಿ. ನಗರದ ಹಿರಿಮೆಯ ಗುರುತುಗಳೆಂದು ನಾವು ತೋರಿಸುವ ಎತ್ತರದ ಕಟ್ಟಡ, ದೊಡ್ಡ ಸಂಬಳ, ಅಗಲವಾದ ರಸ್ತೆಗಳಿಗೆ ಈ ಲೆಕ್ಕದಲ್ಲಿ ಸಿಗುವ ಜಾಗ ಸಣ್ಣದು.

ಸಂತೋಷವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಇಲ್ಲಿ ದಾಟಿ ಹೋಗುವಂತಿಲ್ಲ. ಬಹಳಷ್ಟು ಸಮೀಕ್ಷೆಗಳು ಕೇಳುವುದು ಒಂದು ಏಣಿಯ ಪ್ರಶ್ನೆಯನ್ನು. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿವೆ, ಮೇಲಿನದು ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಕೆಳಗಿನದು ಅತ್ಯಂತ ಕೆಟ್ಟದ್ದು, ಸದ್ಯ ನೀವು ಎಲ್ಲಿ ನಿಂತಿದ್ದೀರಿ ಎಂಬುದು ಆ ಪ್ರಶ್ನೆ. ವಿಶ್ವ ಸಂತೋಷ ವರದಿಯ ಪಟ್ಟಿಗಳು ಇದನ್ನೇ ಆಧರಿಸಿವೆ. ಎರಡನೆಯ ವಿಧಾನ ದಿನವನ್ನು ಬಿಡಿಬಿಡಿಯಾಗಿ ನೋಡುತ್ತದೆ: ನಿನ್ನೆ ಬೆಳಿಗ್ಗೆ ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು, ನಂತರ ಏನು ಮಾಡಿದಿರಿ ಎಂದು ಕೇಳುತ್ತಾ ಹೋಗುತ್ತದೆ. ಇವೆರಡೂ ಒಂದೇ ಉತ್ತರವನ್ನು ಕೊಡಬೇಕೆಂದಿಲ್ಲ, ನಗರಗಳ ವಿಷಯದಲ್ಲಂತೂ ಅನೇಕ ವೇಳೆ ಕೊಡುವುದಿಲ್ಲ. ಬದುಕಿನಲ್ಲಿ ಮೇಲೆ ಬಂದಿದ್ದೇನೆ ಎಂದು ಏಣಿಯ ಏಳನೆಯ ಮೆಟ್ಟಿಲನ್ನು ತೋರಿಸುವ ವ್ಯಕ್ತಿಯೇ ದಿನದ ಬಹುಪಾಲನ್ನು ಸಿಡುಕಿನಲ್ಲಿ, ಆಯಾಸದಲ್ಲಿ ಕಳೆಯುತ್ತಿರಬಹುದು. ನಗರ ಸುಖ ಕೊಡುತ್ತದೆಯೋ ಕಸಿಯುತ್ತದೆಯೋ ಎಂಬ ಹಳೆಯ ವಾದ ಮುಗಿಯದಿರುವುದಕ್ಕೆ ಅರ್ಧ ಕಾರಣ, ವಾದಿಸುವವರು ಬೇರೆ ಬೇರೆ ಅಳತೆಗೋಲು ಹಿಡಿದಿರುವುದೇ.

ನಗರಗಳ ಸಂತೋಷದ ಪಟ್ಟಿಗಳನ್ನು ನಾನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2020ರ ವಿಶ್ವ ಸಂತೋಷ ವರದಿ ನಗರಗಳಿಗೆ ಪ್ರತ್ಯೇಕ ಪಟ್ಟಿ ಕೊಟ್ಟಾಗ ಹೆಲ್ಸಿಂಕಿ, ಆರ್ಹುಸ್, ವೆಲಿಂಗ್ಟನ್ ಮೊದಲ ಮೂರು ಸ್ಥಾನಗಳಲ್ಲಿದ್ದವು. ಫಿನ್ಲೆಂಡ್, ಡೆನ್ಮಾರ್ಕ್, ನ್ಯೂಜಿಲೆಂಡ್ ದೇಶಗಳ ಪಟ್ಟಿಯಲ್ಲೂ ಮೇಲಿವೆ ಎಂಬುದನ್ನು ನೆನೆದರೆ ಇದರಲ್ಲಿ ಬೆರಗು ಪಡುವಂಥದ್ದೇನಿಲ್ಲ. ನಗರದ ಅಂಕದಲ್ಲಿ ದೇಶದ ಪಾಲೇ ದೊಡ್ಡದು. ಇಂಥ ಪಟ್ಟಿಗಳಿಗಿಂತ ಉಪಯುಕ್ತವಾದ ಸಂಗತಿ ಅದೇ ವರದಿಯಲ್ಲಿತ್ತು. ಜಗತ್ತಿನ ಬಹುಭಾಗದಲ್ಲಿ ನಗರವಾಸಿಗಳು ಹಳ್ಳಿಗರಿಗಿಂತ ಹೆಚ್ಚು ತೃಪ್ತರು, ಆದರೆ ಪಶ್ಚಿಮ ಯುರೋಪಿನಂಥ ಸಿರಿವಂತ ಪ್ರದೇಶಗಳಲ್ಲಿ ಈ ಅಂತರ ಕರಗಿ, ತಿರುಗುಮುರುಗಾಗುತ್ತದೆ. ಆಸ್ಪತ್ರೆ, ಶಾಲೆ, ಕುಡಿಯುವ ನೀರು, ಕೂಲಿ ಇವು ನಗರದಲ್ಲಿ ಮಾತ್ರ ಸರಿಯಾಗಿ ಸಿಗುವ ದೇಶದಲ್ಲಿ ನಗರ ಸೇರುವುದೇ ನೆಮ್ಮದಿಯ ದಾರಿ. ಇವೆಲ್ಲ ಹಳ್ಳಿಗೂ ತಲುಪಿದ ಮೇಲೆ ನಗರದ ಲಾಭ ಕುಗ್ಗಿ, ಅದರ ಸದ್ದು, ಹೊಗೆ, ಬಾಡಿಗೆ ಮಾತ್ರ ಉಳಿಯುತ್ತವೆ.

ಹಣದ ವಿಷಯಕ್ಕೆ ಬರೋಣ. ಒಂದು ಮಟ್ಟದ ನಂತರ ಆದಾಯ ಹೆಚ್ಚಿದರೂ ದೈನಂದಿನ ಸಂತೋಷ ಹೆಚ್ಚುವುದಿಲ್ಲ ಎಂಬ ಮಾತು 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಪ್ರಕಟಿಸಿದ ಪ್ರಬಂಧದಿಂದ ಜನಪ್ರಿಯವಾಯಿತು. ಅಮೆರಿಕದ ಮಟ್ಟಿಗೆ ವರ್ಷಕ್ಕೆ 75,000 ಡಾಲರ್ ಆ ಗಡಿ ಎಂದು ಅವರು ಹೇಳಿದ್ದರು. 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಅಂಥ ಗಡಿಯೇ ಇಲ್ಲವೆಂದು ತೋರಿಸಿದರು. 2023ರಲ್ಲಿ ಕಾನೆಮನ್ ಅವರೇ ಕಿಲಿಂಗ್ಸ್‌ವರ್ತ್ ಜೊತೆ ಕೂಡಿ ದತ್ತಾಂಶವನ್ನು ಮತ್ತೆ ಪರಿಶೀಲಿಸಿದಾಗ, ಹೆಚ್ಚಿನವರಿಗೆ ಆದಾಯದೊಂದಿಗೆ ಸಂತೋಷವೂ ಏರುತ್ತಲೇ ಹೋಗುತ್ತದೆ, ತೀರಾ ಅಸುಖಿಗಳಾದ ಸಣ್ಣ ಗುಂಪಿಗೆ ಮಾತ್ರ ಅದು ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ ಎಂಬ ಒಮ್ಮತಕ್ಕೆ ಬಂದರು. ಆದ್ದರಿಂದ ಹಣದಿಂದ ಸುಖ ಸಿಗುವುದಿಲ್ಲ ಎಂಬ ಉಪದೇಶಕ್ಕೆ ಈಗ ಪುರಾವೆಯ ಬೆಂಬಲ ಹೆಚ್ಚು ಉಳಿದಿಲ್ಲ. ತಿಂಗಳ ಕೊನೆಗೆ ಬಾಡಿಗೆ ಹೊಂದಿಸಲು ಪರದಾಡುವವರಿಗೆ ಅದನ್ನು ಹೇಳುವುದು ಸಭ್ಯತೆಯೂ ಅಲ್ಲ.

ಆದರೆ ಮಹಾನಗರ ಹಣದ ಸುಖವನ್ನು ತನ್ನದೇ ರೀತಿಯಲ್ಲಿ ಸವೆಸುತ್ತದೆ. ಇಲ್ಲಿ ಯಾರೂ ತಮ್ಮ ಆದಾಯವನ್ನು ಅದರಷ್ಟಕ್ಕೇ ನೋಡುವುದಿಲ್ಲ. ಅರ್ಥಶಾಸ್ತ್ರಜ್ಞ ಎರ್ಜೊ ಲಟ್ಮರ್ 2005ರಲ್ಲಿ ಅಮೆರಿಕದ ದತ್ತಾಂಶದಿಂದ ತೋರಿಸಿದಂತೆ, ಸ್ವಂತ ಆದಾಯ ಅಷ್ಟೇ ಇದ್ದು ಸುತ್ತಮುತ್ತಲಿನವರ ಗಳಿಕೆ ಹೆಚ್ಚಾಗಿದ್ದರೆ ಜನ ಹೇಳಿಕೊಳ್ಳುವ ಸಂತೋಷ ಕಡಿಮೆಯಾಗುತ್ತದೆ. ಚೀನಾದಲ್ಲಿ ಹಳ್ಳಿಯಿಂದ ನಗರಕ್ಕೆ ವಲಸೆ ಬಂದವರ ಬಗ್ಗೆ ಜಾನ್ ನೈಟ್ ಮತ್ತು ರಮಣಿ ಗುಣತಿಲಕ ನಡೆಸಿದ ಅಧ್ಯಯನ ಇನ್ನೂ ತೀಕ್ಷ್ಣವಾಗಿದೆ. ನಗರ ಸೇರಿದವರ ಆದಾಯ ಊರಿನಲ್ಲಿ ಉಳಿದವರದಕ್ಕಿಂತ ಹೆಚ್ಚಿತ್ತು, ಸಂತೋಷ ಮಾತ್ರ ಕಡಿಮೆಯಿತ್ತು. ಊರಲ್ಲಿದ್ದಾಗ ಅವರು ಪಕ್ಕದ ಮನೆಯವರೊಂದಿಗೆ ತಮ್ಮನ್ನು ಹೋಲಿಸಿಕೊಳ್ಳುತ್ತಿದ್ದರು. ನಗರಕ್ಕೆ ಬಂದ ಮೇಲೆ ಹೋಲಿಕೆಯೂ ನಗರದವರೊಂದಿಗೇ ಆಯಿತು, ಆಸೆಗಳು ಆದಾಯಕ್ಕಿಂತ ಬೇಗ ಬೆಳೆದವು. ಹಾಗೆಂದು ಬಂದದ್ದೇ ತಪ್ಪು ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಮಕ್ಕಳ ಓದಿಗಾಗಿ, ಊರಿನ ಸಾಲ ತೀರಿಸುವುದಕ್ಕಾಗಿ ತಮ್ಮ ಇಂದಿನ ನೆಮ್ಮದಿಯನ್ನು ಗೊತ್ತಿದ್ದೇ ಒತ್ತೆಯಿಡುವವರು ಎಷ್ಟೋ ಮಂದಿ. ಸಮೀಕ್ಷೆಯ ಏಣಿ ಅಂಥ ಲೆಕ್ಕಾಚಾರವನ್ನು ಗುರುತಿಸುವುದಿಲ್ಲ.

ಈಗ ದೂರದ ಮಾತು. ನಗರದ ಅಸುಖದ ಮೂಲಗಳಲ್ಲಿ ಇದರಷ್ಟು ಚೆನ್ನಾಗಿ ಅಧ್ಯಯನಕ್ಕೆ ಒಳಗಾದದ್ದು ಇನ್ನೊಂದಿಲ್ಲ, ಇದರಷ್ಟು ಉಪೇಕ್ಷೆಗೆ ಒಳಗಾದದ್ದೂ ಇಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರು ಹಿಂದಿನ ದಿನವನ್ನು ಸಿನಿಮಾದ ದೃಶ್ಯಗಳಂತೆ ವಿಂಗಡಿಸಿ, ಒಂದೊಂದು ಹೊತ್ತಿನಲ್ಲಿ ತಮಗೆ ಏನನಿಸಿತ್ತು ಎಂಬುದನ್ನು ಬರೆದರು. ಸ್ನೇಹಿತರೊಂದಿಗಿನ ಹೊತ್ತು, ಊಟ, ವಿಶ್ರಾಂತಿ ಮೇಲಿದ್ದವು. ಬೆಳಗಿನ ಕೆಲಸದ ಪ್ರಯಾಣ ಪಟ್ಟಿಯ ತಳದಲ್ಲಿತ್ತು, ಕೆಲಸಕ್ಕಿಂತಲೂ ಕೆಳಗೆ. ಸ್ವಿಟ್ಜರ್ಲೆಂಡಿನ ಅಲೊಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಜರ್ಮನಿಯ ದೀರ್ಘಕಾಲದ ಸಮೀಕ್ಷೆಗಳನ್ನು ಬಳಸಿ 2008ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅರ್ಥಶಾಸ್ತ್ರದ ತರ್ಕದ ಪ್ರಕಾರ ದೂರದಿಂದ ಬರುವವರಿಗೆ ಆ ಕಷ್ಟಕ್ಕೆ ಪ್ರತಿಯಾಗಿ ಏನಾದರೂ ಸಿಕ್ಕಿರಬೇಕು, ದೊಡ್ಡ ಮನೆಯೋ ಹೆಚ್ಚಿನ ಸಂಬಳವೋ. ಇಲ್ಲದಿದ್ದರೆ ಯಾರಾದರೂ ಏಕೆ ದಿನವೂ ಅಲೆಯುತ್ತಾರೆ? ಸಿಕ್ಕದ್ದನ್ನೂ ಕಳೆದುಕೊಂಡದ್ದನ್ನೂ ಕೂಡಿಸಿ ಕಳೆದರೆ ದೂರದ ಪ್ರಯಾಣಿಕರ ಬದುಕಿನ ತೃಪ್ತಿ ಉಳಿದವರಿಗಿಂತ ಕಡಿಮೆಯೇ ಇತ್ತು. ವ್ಯಾಪಾರ ನಷ್ಟದ್ದಾಗಿತ್ತು, ಆದರೂ ಜನ ಅದನ್ನು ಮುಂದುವರಿಸುತ್ತಿದ್ದರು.

ಇದಕ್ಕೆ ವಿವರಣೆ ನಾವು ಯಾವುದಕ್ಕೆ ಒಗ್ಗಿಕೊಳ್ಳುತ್ತೇವೆ, ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ ಎಂಬುದರಲ್ಲಿದೆ. ಮನೆ ಕೊಳ್ಳುವಾಗ ಹೆಚ್ಚುವರಿ ಕೋಣೆ ಕಣ್ಣಿಗೆ ಕಾಣುತ್ತದೆ, ಮುಕ್ಕಾಲು ಗಂಟೆಯ ಹೆಚ್ಚುವರಿ ದಾರಿ ನಕ್ಷೆಯ ಮೇಲೆ ಒಂದು ಗೆರೆಯಷ್ಟೇ. ಗೃಹಪ್ರವೇಶವಾಗಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ಕೋಣೆ ಇದೆ ಎಂಬುದೇ ಮರೆತುಹೋಗುತ್ತದೆ. ದಾರಿ ಹಾಗಲ್ಲ. ಒಂದು ದಿನ ಸಿಗ್ನಲ್ ಕೆಟ್ಟಿರುತ್ತದೆ, ಒಂದು ದಿನ ಮಳೆ, ಇನ್ನೊಂದು ದಿನ ಯಾರದೋ ವಾಹನ ಅಡ್ಡ ನಿಂತಿರುತ್ತದೆ. ದಿನಕ್ಕೊಂದು ಬಗೆಯಲ್ಲಿ ಕೆಡುವುದರಿಂದಲೇ ಮನಸ್ಸು ಅದಕ್ಕೆ ಹೊಂದಿಕೊಳ್ಳುವುದಿಲ್ಲ. ದೂರಕ್ಕಿಂತಲೂ ಕಾಡುವುದು ಎಷ್ಟು ಹೊತ್ತಿಗೆ ತಲುಪುತ್ತೇನೋ ಗೊತ್ತಿಲ್ಲ ಎಂಬ ಅನಿಶ್ಚಯ, ನನ್ನ ಕೈಯಲ್ಲಿ ಏನೂ ಇಲ್ಲ ಎಂಬ ಅಸಹಾಯಕತೆ. ನಡೆದೋ ಸೈಕಲ್ಲಿನಲ್ಲೋ ಹೋಗುವವರಲ್ಲಿ ಈ ಎರಡೂ ಕಡಿಮೆ. ಬ್ರಿಟನ್ನಿನಲ್ಲಿ ಸುಮಾರು 18,000 ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸಿದ ಸಮೀಕ್ಷೆಯ ವಿಶ್ಲೇಷಣೆ 2014ರಲ್ಲಿ ಪ್ರಕಟವಾಯಿತು. ಕಾರು ಬಿಟ್ಟು ನಡಿಗೆಗೋ ಸೈಕಲ್ಲಿಗೋ ಬದಲಾದವರ ಮಾನಸಿಕ ಸ್ವಾಸ್ಥ್ಯ ಸುಧಾರಿಸಿದ್ದು ಅದರಲ್ಲಿ ಕಂಡುಬಂದಿತು. ಆದರೆ ಕೆಲಸದ ಜಾಗ ನಡೆದು ಹೋಗುವಷ್ಟು ಹತ್ತಿರವಿರುವುದೇ ಇಂದಿನ ಮಹಾನಗರದಲ್ಲಿ ಉಳ್ಳವರ ಭಾಗ್ಯ. ನಗರದ ನಡುಭಾಗದಲ್ಲಿ ಬಾಡಿಗೆ ಏರಿದಂತೆಲ್ಲ ಅಡುಗೆಯವರು, ಕಾವಲುಗಾರರು, ಸ್ವಚ್ಛತಾ ಕೆಲಸದವರು ಹೊರಹೊರಕ್ಕೆ ಸರಿಯುತ್ತಾರೆ; ಅತಿ ಕಡಿಮೆ ಸಂಬಳದವರ ಪಾಲಿಗೇ ಅತಿ ದೂರದ ದಾರಿ ಬೀಳುತ್ತದೆ.

ಸದ್ದಿನ ಕಥೆಯೂ ಇದೇ ಜಾತಿಯದು. ಹೊಸದಾಗಿ ತೆರೆದ ಹೆದ್ದಾರಿಯೊಂದರ ಪಕ್ಕದ ನಿವಾಸಿಗಳನ್ನು ನಾಲ್ಕು ತಿಂಗಳ ನಂತರ ಒಮ್ಮೆ, ಹದಿನಾರು ತಿಂಗಳ ನಂತರ ಮತ್ತೊಮ್ಮೆ ಮಾತನಾಡಿಸಿದ ಅಧ್ಯಯನ 1982ರಷ್ಟು ಹಿಂದಿನದು. ಒಂದು ವರ್ಷ ಕಳೆದರೂ ಕಿರಿಕಿರಿ ಇಳಿದಿರಲಿಲ್ಲ. ಇದಕ್ಕೆ ಎಂದಾದರೂ ಒಗ್ಗಿಕೊಂಡೇವು ಎಂಬ ಭರವಸೆ ಮಾತ್ರ ಇಳಿದಿತ್ತು. ರಸ್ತೆ ಸಂಚಾರದ ಸದ್ದು ಇಡೀ ದಿನದ ಸರಾಸರಿಯಲ್ಲಿ 53 ಡೆಸಿಬಲ್, ರಾತ್ರಿ ಹೊತ್ತು 45 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಘಟಕ 2018ರಲ್ಲಿ ಶಿಫಾರಸು ಮಾಡಿತು. ಮಾಮೂಲಿ ಮಾತುಕತೆಯೇ 60 ಡೆಸಿಬಲ್ ಸುಮಾರಿಗೆ ಇರುತ್ತದೆ ಎಂದರೆ ಈ ಮಿತಿ ದೊಡ್ಡ ನಗರದ ಮುಖ್ಯ ರಸ್ತೆಗಳಿಂದ ಎಷ್ಟು ದೂರದ ಮಾತು ಎಂಬುದು ಅರ್ಥವಾದೀತು.

ವಾಹನಗಳು ನಿದ್ದೆಯನ್ನಷ್ಟೇ ಕಸಿಯುವುದಿಲ್ಲ, ನೆರೆಹೊರೆಯನ್ನೂ ಕಸಿಯುತ್ತವೆ. 1960ರ ದಶಕದ ಕೊನೆಯಲ್ಲಿ ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪರಸ್ಪರ ಹೋಲುವ ಮೂರು ಬೀದಿಗಳನ್ನು ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ ಓಡುತ್ತಿದ್ದವು, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಬೀದಿಯಲ್ಲಿ ನಿಮ್ಮ ಸ್ನೇಹಿತರು ಯಾರು, ಮುಖಪರಿಚಯದವರು ಯಾರು ಎಂದು ಕೇಳಿ, ಮನೆಯಿಂದ ಮನೆಗೆ ಗೆರೆ ಎಳೆಯುತ್ತಾ ಹೋದರು. ವಾಹನ ಕಡಿಮೆಯಿದ್ದ ಬೀದಿಯಲ್ಲಿ ಪ್ರತಿಯೊಬ್ಬರಿಗೆ ಸರಾಸರಿ ಮೂವರು ಸ್ನೇಹಿತರು, ಆರಕ್ಕೂ ಹೆಚ್ಚು ಪರಿಚಿತರು ಇದ್ದರು. ರಸ್ತೆಯ ಎರಡೂ ಬದಿಯ ನಡುವೆ ಗೆರೆಗಳು ಒತ್ತೊತ್ತಾಗಿ ಹೆಣೆದುಕೊಂಡಿದ್ದವು. ವಾಹನ ಹೆಚ್ಚಿದ್ದ ಬೀದಿಯಲ್ಲಿ ಒಬ್ಬರಿಗೆ ಒಬ್ಬ ಸ್ನೇಹಿತನೂ ಸರಾಸರಿಯಲ್ಲಿ ತುಂಬುತ್ತಿರಲಿಲ್ಲ, ಪರಿಚಿತರು ಮೂವರಷ್ಟೇ. ನಿಮ್ಮದು ಎಂದು ಅನಿಸುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಎಂದಾಗ ಮೊದಲ ಬೀದಿಯವರು ಇಡೀ ಬೀದಿಯನ್ನೇ ಸುತ್ತುವರಿದರು, ಮೂರನೆಯ ಬೀದಿಯವರು ತಮ್ಮ ಕಟ್ಟಡದಲ್ಲಿ, ಕೆಲವರು ತಮ್ಮ ಮನೆಯ ಬಾಗಿಲಲ್ಲೇ ನಿಂತರು. ನಲವತ್ತು ವರ್ಷಗಳ ನಂತರ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಇದೇ ಪ್ರಯೋಗ ಮಾಡಿದಾಗಲೂ ಚಿತ್ರ ಹೆಚ್ಚುಕಡಿಮೆ ಹೀಗೆಯೇ ಬಂದಿತು. ಬೀದಿಯ ಆಯ್ಕೆಯಲ್ಲೇ ವ್ಯತ್ಯಾಸವಿರಬಹುದು, ಅನುಕೂಲವಂತರು ಶಾಂತವಾದ ಬೀದಿಯನ್ನು ಹುಡುಕಿ ಹೋಗಿರಬಹುದು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೂ ರಸ್ತೆ ಅಗಲೀಕರಣದ ಲಾಭ ನಷ್ಟ ಬರೆಯುವವರು ಪ್ರಯಾಣದಲ್ಲಿ ಉಳಿತಾಯವಾದ ನಿಮಿಷಗಳ ಜೊತೆಗೆ ಮುರಿದ ಪರಿಚಯಗಳನ್ನೂ ಬರೆದುಕೊಳ್ಳಬೇಕಲ್ಲವೇ? ಅಂಥ ಕಾಲಂ ಯೋಜನಾ ವರದಿಗಳಲ್ಲಿ ಇರುವುದಿಲ್ಲ.

ಆಪ್ತ ಸ್ನೇಹದ ಮಹತ್ವವನ್ನು ಯಾರೂ ಅಲ್ಲಗಳೆಯುವುದಿಲ್ಲ. 2010ರಲ್ಲಿ ಜೂಲಿಯನ್ ಹೋಲ್ಟ್-ಲುನ್ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಗಟ್ಟಿಯಾದ ಸಾಮಾಜಿಕ ಸಂಬಂಧವುಳ್ಳವರು ಬದುಕುಳಿಯುವ ಸಂಭಾವ್ಯತೆ ಶೇ 50ರಷ್ಟು ಹೆಚ್ಚು ಎಂದು ತೋರಿಸಿದ್ದಾರೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಸಮಸ್ಯೆಗೆಂದೇ ಸಚಿವರನ್ನು ನೇಮಿಸಿದವು. ಆದರೆ ನಗರಕ್ಕೆ ವಿಶಿಷ್ಟವಾದದ್ದು ಆಪ್ತರಲ್ಲ, ಅರೆಪರಿಚಿತರು: ದಿನವೂ ಅದೇ ರೈಲಿನಲ್ಲಿ ಕಾಣುವ ಮುಖ, ಅಂಗಡಿಯಾತ, ಲಿಫ್ಟಿನಲ್ಲಿ ತಲೆಯಾಡಿಸುವವರು. ಷಿಕಾಗೊದ ರೈಲು ಪ್ರಯಾಣಿಕರ ಮೇಲೆ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ನಡೆಸಿದ ಪ್ರಯೋಗದಲ್ಲಿ, ಪಕ್ಕದ ಅಪರಿಚಿತರನ್ನು ಮಾತನಾಡಿಸಿ ಎಂಬ ಸೂಚನೆ ಪಡೆದವರ ಪ್ರಯಾಣ ಸುಮ್ಮನೆ ಒಬ್ಬರೇ ಕೂತವರ ಪ್ರಯಾಣಕ್ಕಿಂತ ಹಿತವಾಗಿತ್ತು. ಹೀಗೆ ಮಾಡಿದರೆ ಹೇಗಿರಬಹುದು ಎಂದು ಊಹಿಸಲು ಹೇಳಿದವರು ಮಾತ್ರ ತದ್ವಿರುದ್ಧವಾಗಿ ಉತ್ತರಿಸಿದ್ದರು. ಅಂದರೆ ರೈಲಿನ ಡಬ್ಬಿಯಲ್ಲಿ ಎಲ್ಲರೂ ಮೊಬೈಲಿನಲ್ಲಿ ಮುಖ ಹುದುಗಿಸಿರುವುದು ಮಾತು ಬೇಡವೆಂದಲ್ಲ, ಎದುರಿನವರಿಗೆ ಬೇಡವಿರಬೇಕು ಎಂಬ ತಪ್ಪು ಅಂದಾಜಿನಿಂದ ಇರಬಹುದು.

ನಂಬಿಕೆಯ ವಿಷಯದಲ್ಲೂ ಅಂದಾಜು ಇದೇ ದಿಕ್ಕಿನಲ್ಲಿ ತಪ್ಪುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳಂಥ ಜಾಗಗಳ ಸಿಬ್ಬಂದಿಯ ಕೈಗೆ, ದಾರಿಯಲ್ಲಿ ಬಿದ್ದಿತ್ತು ಎಂದು ಹೇಳಿ ಕೊಟ್ಟುಬರಲಾಯಿತು. ಬಹುತೇಕ ಎಲ್ಲ ದೇಶಗಳಲ್ಲೂ ಹಣವಿಲ್ಲದ ಪರ್ಸಿಗಿಂತ ಹಣವಿದ್ದ ಪರ್ಸನ್ನು ಹಿಂದಿರುಗಿಸಲು ಹೆಚ್ಚು ಮಂದಿ ಪ್ರಯತ್ನಿಸಿದರು. ತಜ್ಞರೂ ಹೀಗಾದೀತೆಂದು ಊಹಿಸಿರಲಿಲ್ಲ. ಕಳೆದುಹೋದ ಪರ್ಸು ಮರಳಿ ಸಿಕ್ಕೀತು ಎಂಬ ನಂಬಿಕೆಗೂ ಬದುಕಿನ ತೃಪ್ತಿಗೂ ನಿಕಟ ಸಂಬಂಧವಿದೆ ಎಂಬುದನ್ನು ವಿಶ್ವ ಸಂತೋಷ ವರದಿ 2025ರಲ್ಲಿ ಒತ್ತಿ ಹೇಳಿತು. ಜನ ಇರುವುದಕ್ಕಿಂತ ಕೆಟ್ಟವರು ಎಂದು ಭಾವಿಸಿ ಬದುಕುವುದರಲ್ಲೂ ಒಂದಷ್ಟು ಅಸುಖವಿದೆ.

ಉದ್ಯಾನ, ಮರಗಿಡಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರ ಆರೋಗ್ಯ ಮತ್ತು ಸ್ವಾಸ್ಥ್ಯ ಉತ್ತಮ ಎಂದು ಇಂಗ್ಲೆಂಡಿನ ಸುಮಾರು 20,000 ಮಂದಿಯ ಮಾಹಿತಿ ಆಧರಿಸಿದ 2019ರ ಅಧ್ಯಯನ ಹೇಳಿದೆ. ನನ್ನ ಮಟ್ಟಿಗೆ ಉದ್ಯಾನದ ಗಾತ್ರಕ್ಕಿಂತ ಅದರ ದೂರ ಮುಖ್ಯ. ಬಸ್ಸು ಹಿಡಿದು ಹೋಗಬೇಕಾದ ನೂರು ಎಕರೆಗಿಂತ ಬೀದಿ ಕೊನೆಯ ನಾಲ್ಕು ಮರ ಹೆಚ್ಚು ಕೆಲಸಕ್ಕೆ ಬರುತ್ತವೆ.

ಹೊಸ್ತಿಲ ಆಚೆಯ ಬಗ್ಗೆ ಇಷ್ಟು ಹೇಳಿದ ಮೇಲೆ ಒಳಗಿನದನ್ನು ಕಡೆಗಣಿಸಿದರೆ ಅನ್ಯಾಯವಾದೀತು, ಏಕೆಂದರೆ ತೀರಾ ಬಡವರ ಮನೆಯೊಳಗೆ ಸಣ್ಣ ಬದಲಾವಣೆಯೂ ದೊಡ್ಡದು. ಮೆಕ್ಸಿಕೊದ ಕೊವಾವಿಲಾ ರಾಜ್ಯದಲ್ಲಿ 2000ದಲ್ಲಿ ಆರಂಭವಾದ ಯೋಜನೆಯೊಂದು ಮಣ್ಣಿನ ನೆಲದ ಮನೆಗಳಿಗೆ ಸಿಮೆಂಟ್ ನೆಲ ಹಾಕಿಸಿಕೊಟ್ಟಿತು. ಟೊರೆಯೋನ್ ನಗರದಲ್ಲಿ ಇದರ ಪರಿಣಾಮವನ್ನು ಅಳೆದಾಗ ಮಕ್ಕಳ ಹೊಟ್ಟೆಹುಳು, ಭೇದಿ, ರಕ್ತಹೀನತೆ ಇಳಿದಿದ್ದವು. ತಾಯಂದಿರಲ್ಲಿ ಖಿನ್ನತೆಯ ಲಕ್ಷಣಗಳೂ ಒತ್ತಡವೂ ಕಡಿಮೆಯಾಗಿ ಬದುಕಿನ ತೃಪ್ತಿ ಹೆಚ್ಚಿತ್ತು. ಅಹಮದಾಬಾದಿನ ಮನೆಗಳಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಯಾರೂ ಜಾಗ ಬಿಡಬೇಕಾಗಿರಲಿಲ್ಲ. ನೆರೆ ಹಾಗೆಯೇ ಉಳಿಯಿತು, ಕೆಲಸದ ದಾರಿ ಹಾಗೆಯೇ ಉಳಿಯಿತು, ನೆಲ ಮಾತ್ರ ಬದಲಾಯಿತು. ಕೊಳೆಗೇರಿಯ ಜನರನ್ನು ಊರಾಚೆಯ ಬಹುಮಹಡಿ ಕಟ್ಟಡಗಳಿಗೆ ಸಾಗಿಸುವುದನ್ನೇ ವಸತಿ ನೀತಿ ಎಂದುಕೊಂಡಿರುವ ಆಡಳಿತಗಳು ಈ ಎರಡು ಅನುಭವಗಳನ್ನು ಒಟ್ಟಿಗೆ ಓದುವುದು ಒಳ್ಳೆಯದು.

ಇವುಗಳಲ್ಲಿ ಬಹುಪಾಲು ಒಬ್ಬೊಬ್ಬರೇ ಸರಿಪಡಿಸಿಕೊಳ್ಳುವಂಥವಲ್ಲ. ಧ್ಯಾನದ ಆ್ಯಪ್ ಹೆದ್ದಾರಿಯನ್ನು ಸುಮ್ಮನಾಗಿಸುವುದಿಲ್ಲ. ಆದರೆ ನಗರಾಡಳಿತ ಕೈಹಾಕಲು ಹೊರಟಾಗ ಮೊದಲು ಎದುರಾಗುವುದೂ ಜನರ ವಿರೋಧವೇ, ಮುಂದೆ ತಮಗೆ ಏನು ಹಿತವಾದೀತು ಎಂಬುದನ್ನು ಅಂದಾಜು ಮಾಡುವುದರಲ್ಲಿ ನಾವೆಲ್ಲ ಹಿಂದೆ ಬೀಳುವುದರಿಂದ. ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ನಗರದ ಒಳಭಾಗಕ್ಕೆ ಬರುವ, ಅಲ್ಲಿಂದ ಹೊರಹೋಗುವ ವಾಹನಗಳಿಗೆ ದಟ್ಟಣೆ ಶುಲ್ಕವನ್ನು ಪ್ರಾಯೋಗಿಕವಾಗಿ ವಿಧಿಸಿದಾಗ ಹೀಗೆಯೇ ಆಯಿತು. ಜಾರಿಗೆ ಮುನ್ನ ಬಹುಮತ ವಿರುದ್ಧವಾಗಿತ್ತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು, ಸೆಪ್ಟೆಂಬರಿನ ಜನಮತಗಣನೆಯಲ್ಲಿ ನಗರದ ಮತದಾರರು ಅಲ್ಪ ಬಹುಮತದಿಂದ ಅದನ್ನು ಉಳಿಸಿಕೊಂಡರು, 2007ರ ಆಗಸ್ಟಿನಲ್ಲಿ ಅದು ಕಾಯಂ ಆಯಿತು. ಕೆಲವು ವರ್ಷಗಳಲ್ಲಿ ಬೆಂಬಲ ಮೂರನೇ ಎರಡರ ಆಸುಪಾಸಿಗೆ ಏರಿತು. ಅಭಿಪ್ರಾಯ ಯಾವಾಗ ಬದಲಾಯಿತು ಎಂದು ವಿಚಾರಿಸಿದರೆ, ಬೆಂಬಲಿಗರಲ್ಲಿ ಹೆಚ್ಚಿನವರು ತಾವು ಮೊದಲಿನಿಂದಲೂ ಅದರ ಪರವಾಗಿಯೇ ಇದ್ದೆವು ಎಂದು ನಂಬಿದ್ದರು.